ಬಾಚಿಯ ಕಾವು

ಮೊದಲು ಒಂದು ತರಗತಿಯ ಪ್ರಸಂಗವನ್ನು ಹೇಳಿಬಿಡುತ್ತೇನೆ. ನಾನು ಇನ್ನೂ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ದಿನಗಳು. ಅಂದು ವಚನಕಾರರ ಕಾಯಕವನ್ನು ಕುರಿತ ಪಾಠ. ಹನ್ನೆರಡನೆಯ ಶತಮಾನದ ಆ ಶರಣರಲ್ಲಿ ಹಲವರಿಗೆ ಊರಿನಿಂದಲ್ಲ, ಮನೆತನದಿಂದಲ್ಲ, ಕೈಯಲ್ಲಿ ಹಿಡಿದ ಉಪಕರಣದಿಂದಲೇ ಹೆಸರು ಬಂದಿದೆ ಎಂಬುದನ್ನು ತುಸು ಹೆಮ್ಮೆಯಿಂದಲೇ ವಿವರಿಸುತ್ತಿದ್ದೆ. ಕನ್ನಡಿ ಕಾಯಕದ ಅಮ್ಮಿದೇವಯ್ಯ, ಕದಿರ ರೆಮ್ಮವ್ವೆ, ಬಾಚಿಕಾಯಕದ ಬಸವಣ್ಣ ಎಂದು ಹೆಸರುಗಳನ್ನು ಎತ್ತಿ ಹೇಳುತ್ತ ಹೋಗಿ, ನಡುವೆ ನಿಲ್ಲಿಸಿ, ಬಾಚಿ ಎಂದರೇನು ಎಂದು ಕೇಳಿದೆ. ಮುಂದಿನ ಸಾಲಿನಲ್ಲಿದ್ದ ಜಾಣ ಹುಡುಗನೊಬ್ಬ ಥಟ್ಟನೆ ಎದ್ದು ನಿಂತು, ‘ತಲೆ ಬಾಚುವ ಕಾಯಕ, ಸಾರ್’ ಎಂದ.

ತರಗತಿ ನಕ್ಕಿತು, ನಾನೂ ನಕ್ಕೆ. ಬಾಚಿ ಬಡಗಿಯ ಉಪಕರಣವೆಂದು ತಿದ್ದಿದ್ದಲ್ಲದೆ, ಉತ್ಸಾಹ ಹೆಚ್ಚಾಗಿ, ಕಪ್ಪು ಹಲಗೆಯ ಮೇಲೆ ಅದರ ಚಿತ್ರವನ್ನೂ ಬರೆದೆ. ಆಗ ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಎದ್ದು, ‘ಸಾರ್, ನೀವು ಬರೆದಿರೋದು ಕೊಡಲಿ. ಬಾಚಿ ಬಾಯಿ ಅಡ್ಡಕ್ಕಿರುತ್ತೆ’ ಎಂದಳು. ಅವಳ ತಂದೆ ಬಡಗಿ ಎಂಬುದು ಆಮೇಲೆ ತಿಳಿಯಿತು. ಈ ಸಲ ತರಗತಿ ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮನೆಗೆ ಬಂದು ನಿಘಂಟುಗಳನ್ನು ತೆರೆದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಿಂದ ಹಿಡಿದು ನಮ್ಮ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳವರೆಗೆ ಕನ್ನಡಿಗರಿಗೆ ನಿಘಂಟಿನ ಬಡತನವೇನೂ ಇಲ್ಲ. ಬಾಚಿ ಎಂಬುದು ಸಂಸ್ಕೃತದ ವಾಶೀ ಎಂಬ ಶಬ್ದದ ತದ್ಭವ. ಆ ವಾಶೀ ಋಗ್ವೇದದಷ್ಟು ಹಳೆಯದು. ಪಾಲಿಯಲ್ಲಿ ಅದೇ ವಾಸಿಯಾಗಿದೆ. ಇಷ್ಟನ್ನು ತಿಳಿದುಕೊಂಡ ಮೇಲೂ ಬಾಚಿಯ ತೂಕವೆಷ್ಟು, ಅದನ್ನು ನಿಂತು ಬೀಸುತ್ತಾರೆಯೋ ಕುಳಿತು ಬೀಸುತ್ತಾರೆಯೋ, ಬೀಸಿದರೆ ಮರದಿಂದ ಏಳುವುದು ಚಕ್ಕೆಯೋ ಪುಡಿಯೋ ನನಗೆ ಗೊತ್ತಾಗಲಿಲ್ಲ. ಮೂರು ಸಾವಿರ ವರ್ಷಗಳ ಶಬ್ದಚರಿತ್ರೆ ನನ್ನ ಮೇಜಿನ ಮೇಲಿತ್ತು. ಕೈಯಲ್ಲಿ ಬಾಚಿ ಇರಲಿಲ್ಲ.

ಹಳೆಯ ಕೈ ಉಪಕರಣಗಳನ್ನು ಕೂಡಿಡುವ ನನ್ನ ಚಾಳಿ ಹುಟ್ಟಿದ್ದು ಹೀಗೆ. ನಾಣ್ಯ ಕೂಡಿಡುವವರಿಗೆ, ಅಂಚೆಚೀಟಿ ಕೂಡಿಡುವವರಿಗೆ ಸಮಾಜದಲ್ಲಿ ಒಂದು ಸ್ಥಾನವಿದೆ. ಗುಜರಿ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತುಕ್ಕು ಹಿಡಿದ ಉಳಿಗಳನ್ನು ಆರಿಸುವ ಕನ್ನಡ ಮೇಷ್ಟರಿಗೆ ಅಂಥದೇನೂ ಇಲ್ಲ. ನನ್ನ ಪರಿಚಯದವರೊಬ್ಬರು ಅಲ್ಲಿ ನನ್ನನ್ನು ನೋಡಿ, ನಿವೃತ್ತಿವೇತನ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿದ್ದೂ ಉಂಟು.

ನನ್ನ ಮೊದಲ ಬಾಚಿ ಸಿಕ್ಕಿದ್ದು ಅಂಥ ಒಂದು ಅಂಗಡಿಯಲ್ಲಿಯೇ. ಬಡಗಿಯೊಬ್ಬರ ಇಡೀ ಚೀಲವನ್ನು ಯಾರೋ ತಂದು ತೂಕಕ್ಕೆ ಹಾಕಿ ಹೋಗಿದ್ದರು. ಬಾಚಿ, ಏಳು ಉಳಿಗಳು, ಹುಣಸೆಮರದ ಒಂದು ಕೊಡತಿ, ಬೈರಿಗೆ, ಎರಡು ಉಜ್ಜುಗೊರಡು, ಹಲ್ಲು ಸವೆದ ಗರಗಸ. ಅಂಗಡಿಯವನು ಕಾವು ಹಿಡಿಗಳನ್ನೆಲ್ಲ ಕಳಚಿ ಕಬ್ಬಿಣವನ್ನು ಬೇರೆ ಮಾಡಲು ಸುತ್ತಿಗೆ ಎತ್ತಿದ್ದ. ನಾನು ಒಂದು ನಿಮಿಷ ತಡವಾಗಿ ಹೋಗಿದ್ದರೆ ಈ ಭಾಷಣವಿರುತ್ತಿರಲಿಲ್ಲ. ಕಿಲೋ ಲೆಕ್ಕದಲ್ಲಿಯೇ ಅಷ್ಟನ್ನೂ ಕೊಂಡು, ಆಟೋ ಮಾಡಿಕೊಂಡು ಮನೆಗೆ ತಂದೆ. ಆ ಬಾಚಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಬಾಚಿಯನ್ನು ಎಂದೂ ನೋಡದ ಕೇಳುಗರಿಗಾಗಿ ನಾಲ್ಕು ಮಾತು. ಕೊಡಲಿಯ ಬಾಯಿ ಕಾವಿನ ನೇರಕ್ಕೆ ಇರುತ್ತದೆ. ಬಾಚಿಯದು ಗುದ್ದಲಿಯ ಹಾಗೆ ಅಡ್ಡಕ್ಕೆ. ನಮ್ಮ ಕಡೆಯ ಬಾಚಿಗೆ ಕಾವು ಗಿಡ್ಡ. ಬಡಗಿ ನೆಲದ ಮೇಲೆ ಕುಳಿತು, ಮರದ ತುಂಡನ್ನು ಕಾಲಿನಿಂದ ಅದುಮಿ ಹಿಡಿದು, ಒಂದೇ ಕೈಯಲ್ಲಿ ಅದನ್ನು ತನ್ನತ್ತ ಬೀಸುತ್ತಾನೆ. ತನ್ನತ್ತ ಎಂಬ ಮಾತನ್ನು ಗಮನಿಸಬೇಕು. ಕೊಡಲಿಯ ಪೆಟ್ಟು ಮರವನ್ನು ಸೀಳುತ್ತದೆ. ಬಾಚಿಯ ಪೆಟ್ಟು ಮರದ ಮೈಯನ್ನು ಒಂದು ಪದರದಷ್ಟು ಸವರಿಕೊಂಡು, ಬಡಗಿಯ ಕಾಲ್ಬೆರಳಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ನಿಲ್ಲಬೇಕು. ನಿಲ್ಲಿಸುವುದು ಕಣ್ಣಲ್ಲ, ಮಣಿಕಟ್ಟು. ಅದರ ತಲೆಯ ಹಿಂಭಾಗ ಚಪ್ಪಟೆಯಾಗಿ ಸುತ್ತಿಗೆಯ ಕೆಲಸವನ್ನೂ ಮಾಡುತ್ತದೆ. ಕೆತ್ತುವುದು, ಬಡಿಯುವುದು, ಮೊಳೆಯನ್ನು ಒಳಗಿಳಿಸುವುದು, ಎಲ್ಲಕ್ಕೂ ಅದೊಂದೇ. ಹಳೆಯ ಮನೆಗಳ ತೊಲೆಗಳನ್ನು ಓರೆ ಬೆಳಕಿನಲ್ಲಿ ನೋಡಿದರೆ ಮೀನಿನ ಹುರುಪೆಯಂಥ ಸಾಲು ಗುಳಿಗಳು ಕಾಣುತ್ತವೆ. ಅವು ಬಾಚಿಯ ಬಾಯಿಯ ಗುರುತುಗಳು. ಇಂಥ ತೊಲೆಯ ಕೆಳಗೆ ನಾನು ಇಪ್ಪತ್ತು ವರ್ಷ ಮಲಗಿ ಬೆಳೆದವನು. ಅದನ್ನು ಮರದ ಸಹಜ ಮೈ ಎಂದೇ ತಿಳಿದಿದ್ದೆ.

ಉಪಕರಣವನ್ನು ಮೆಚ್ಚುವುದೆಂದರೆ ಏನು? ಅದಕ್ಕೆ ಒಂದು ಕಣ್ಣು ಬೇಕು, ಆ ಕಣ್ಣು ಬರುವುದು ನಿಧಾನ. ಹೊಸಬರು ಮೊದಲು ನೋಡುವುದು ಹೊಳಪನ್ನು, ಹಿತ್ತಾಳೆಯ ಕಟ್ಟನ್ನು, ಕೆತ್ತನೆಯನ್ನು. ಸ್ವಲ್ಪ ಪಳಗಿದವರು ಬಾಯಿಯನ್ನು ನೋಡುತ್ತಾರೆ: ಎಷ್ಟು ಸವೆದಿದೆ, ಸವೆತ ಸಮನಾಗಿದೆಯೇ, ಯಾವ ಕಡೆಗೆ ವಾಲಿದೆ. ಎಡಗೈಯವನ ಉಳಿ ಎರಡು ನಿಮಿಷದಲ್ಲಿ ಗುರುತು ಸಿಗುತ್ತದೆ. ಇನ್ನೂ ಪಳಗಿದವರು ನೋಡುವುದು ಕಾವನ್ನು. ಕಬ್ಬಿಣ ಕಮ್ಮಾರನದು, ಕಾವು ಮಾತ್ರ ಕೆಲಸಗಾರನದು. ಜಾಲಿಯೋ ದಿಂಡಿಗವೋ ಅವನೇ ಆರಿಸಿ, ತನ್ನ ಅಂಗೈಯ ಅಳತೆಗೆ ಕೆತ್ತಿಕೊಂಡದ್ದು. ಮೂವತ್ತು ನಲವತ್ತು ವರ್ಷ ಹಿಡಿದ ಮೇಲೆ ಅದರ ಮೇಲೆ ಹೆಬ್ಬೆರಳು ಕೂರುವ ಜಾಗ ಗುಳಿಬೀಳುತ್ತದೆ. ಬೆವರೂ ಎಣ್ಣೆಯೂ ಕುಡಿದು ಮರ ಕಪ್ಪಗೆ ಮಿರುಗುತ್ತದೆ.

ಪಾಲಿಯ ಸಂಯುತ್ತ ನಿಕಾಯದಲ್ಲಿ ಬುದ್ಧನ ಒಂದು ಉಪಮೆ ಬರುತ್ತದೆ. ಬಡಗಿ ತನ್ನ ಬಾಚಿಯ ಕಾವಿನ ಮೇಲೆ ಬೆರಳಿನ, ಹೆಬ್ಬೆರಳಿನ ಗುರುತುಗಳನ್ನು ಕಾಣುತ್ತಾನೆ. ಇಂದು ಇಷ್ಟು ಸವೆಯಿತು, ನಿನ್ನೆ ಅಷ್ಟು ಸವೆಯಿತು ಎಂದು ಅವನಿಗೆ ಗೊತ್ತಾಗುವುದಿಲ್ಲ. ಸವೆದ ಮೇಲೆ, ಸವೆದಿದೆ ಎಂದಷ್ಟೇ ಗೊತ್ತಾಗುತ್ತದೆ. ಸಾಧಕನ ಮನಸ್ಸಿನ ಕಲ್ಮಷವೂ ಹೀಗೆಯೇ ಸವೆಯುತ್ತದೆ ಎಂಬುದು ಅಲ್ಲಿಯ ತಾತ್ಪರ್ಯ. ನನಗೆ ತಾತ್ಪರ್ಯಕ್ಕಿಂತ ಉಪಮೆಯೇ ಹೆಚ್ಚು ಇಷ್ಟ. ಬಡಗಿಯ ಕಾವನ್ನು ಇಷ್ಟು ಹತ್ತಿರದಿಂದ ನೋಡಿದವರ ಮಾತು ಅದು. ಕಪ್ಪು ಹಲಗೆಯ ಮೇಲೆ ಬಾಚಿಯ ಬದಲು ಕೊಡಲಿಯನ್ನು ಅವರು ಬರೆಯುತ್ತಿರಲಿಲ್ಲ.

ಇನ್ನು ಕಬ್ಬಿಣದ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಳೆಯ ಬಾಚಿಯನ್ನೋ ಉಳಿಯನ್ನೋ ಶುಚಿಮಾಡಿ ಅಂಚನ್ನು ಗಮನಿಸಿದರೆ ಒಂದು ಸಣ್ಣ ಗೆರೆ ಕಾಣುವುದುಂಟು. ಗೆರೆಯ ಒಂದು ಕಡೆ ಮೆದು ಕಬ್ಬಿಣ, ಇನ್ನೊಂದು ಕಡೆ ಉಕ್ಕು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಇಡೀ ಉಪಕರಣವನ್ನು ಅದರಿಂದ ಮಾಡುತ್ತಿರಲಿಲ್ಲ. ಮೈಗೆ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ. ಎರಡನ್ನೂ ಬೆಳ್ಳಗೆ ಕಾಯಿಸಿ ಬಡಿದು ಒಂದು ಮಾಡುತ್ತಿದ್ದರು. ಇದು ಬರೀ ಜಿಪುಣತನವಲ್ಲ. ಪೂರ್ತಿ ಗಡಸಾದದ್ದು ಪೆಟ್ಟಿಗೆ ಮುರಿಯುತ್ತದೆ, ಪೂರ್ತಿ ಮೆದುವಾದದ್ದಕ್ಕೆ ಹರಿತ ನಿಲ್ಲುವುದಿಲ್ಲ. ಪೆಟ್ಟನ್ನು ತಾಳುವುದಕ್ಕೆ ಒಂದು, ಕತ್ತರಿಸುವುದಕ್ಕೆ ಇನ್ನೊಂದು. ಬಾಯಿಯ ಉಕ್ಕು ಪೂರ್ತಿ ಸವೆದುಹೋದ ಉಳಿಯನ್ನು ಎಷ್ಟು ಮಸೆದರೂ ವ್ಯರ್ಥ. ಅಂಥದನ್ನು ನೋಡಿದರೆ ಅದರ ಒಡೆಯ ಎಷ್ಟು ವರ್ಷ ದುಡಿದಿರಬೇಕೆಂದು ಲೆಕ್ಕ ಹಾಕಬೇಕೆನಿಸುತ್ತದೆ.

ಈ ಉಕ್ಕು ಎಂಬ ಮಾತಿನ ಬಗ್ಗೆ ಕನ್ನಡದವರು ಸ್ವಲ್ಪ ಬೀಗಬಹುದು. ಯುರೋಪಿನ ಲೋಹಶಾಸ್ತ್ರಜ್ಞರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದಿಂದ ಹೋದ ಒಂದು ಬಗೆಯ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸತೊಡಗಿದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅದಕ್ಕೆ ವೂಟ್ಸ್ ಎಂಬ ಹೆಸರಿದೆ. ಆ ವೂಟ್ಸ್ ನಮ್ಮ ಉಕ್ಕೇ, ಕಿವಿ ತಪ್ಪಿ ಹಾಗಾಗಿದೆ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣದ ಕುಲುಮೆಗಳನ್ನೂ ಉಕ್ಕಿನ ತಯಾರಿಕೆಯನ್ನೂ ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ತುಂಡು, ತಂಗಡಿ ಗಿಡದ ಒಣ ಕಡ್ಡಿ, ಒಂದೆರಡು ಹಸಿರೆಲೆ, ಇವನ್ನು ಜೇಡಿಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ತಿದಿಯೊತ್ತಿ ಕಾಯಿಸುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುವುದು. ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಇದೇ ಉಕ್ಕಿನ ಗುಟ್ಟನ್ನು ಒಡೆಯಲು ಹೆಣಗಿದ. ನಾನು ಗುಜರಿಯಿಂದ ತಂದ ಏಳು ಉಳಿಗಳಲ್ಲಿ ಎರಡರ ಮೇಲೆ ಇಂಗ್ಲೆಂಡಿನ ಶೆಫೀಲ್ಡಿನ ಮುದ್ರೆಯಿದೆ, ಜೊತೆಗೆ ಕ್ಯಾಸ್ಟ್ ಸ್ಟೀಲ್ ಎಂಬ ಒಕ್ಕಣೆ. ಅದೂ ಮೂಸೆಯಲ್ಲಿ ಕರಗಿಸಿದ ಉಕ್ಕೇ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಕಂಡುಕೊಂಡ ವಿಧಾನ. ಮೂಸೆಯ ಉಕ್ಕನ್ನು ಹೊರನಾಡಿಗೆ ಕಳಿಸಿದ ಸೀಮೆಯ ಬಡಗಿಯ ಚೀಲದಲ್ಲಿ ಹೊರನಾಡಿನ ಮೂಸೆಯ ಉಕ್ಕು ಬಂದು ಕುಳಿತಿತ್ತು. ಮಿಕ್ಕ ಐದು ಉಳಿಗಳು ಊರ ಕಮ್ಮಾರನವು, ಅವಕ್ಕೆ ಮುದ್ರೆಯಿಲ್ಲ. ಹರಿತದಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಬೇಡಿ. ನಾನು ಅವುಗಳಿಂದ ಕೆತ್ತಿದ್ದು ಒಂದು ಪೆನ್ಸಿಲನ್ನು ಮಾತ್ರ.

ಉಕ್ಕಿನಷ್ಟೇ ದೊಡ್ಡ ಮಾತು ಹದ. ನಮ್ಮೂರಿನ ಅಂಚಿನಲ್ಲಿ ಉಳಿದಿರುವ ಒಂದು ಕುಲುಮೆಯ ಮುಂದೆ ನಾನು ಎಷ್ಟೋ ಸಂಜೆ ಕುಳಿತಿದ್ದೇನೆ. ಸಂಜೆಯೇ ಏಕೆಂದರೆ, ಕಾದ ಉಕ್ಕಿನ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಉಳಿಯನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಗಾಜಿನಷ್ಟು ಗಡಸಾಗುತ್ತದೆ, ಗಾಜಿನ ಹಾಗೆಯೇ ಮುರಿಯುತ್ತದೆ. ಆದ್ದರಿಂದ ಅದರ ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಆಗ ಅಂಚಿನತ್ತ ಬಣ್ಣಗಳು ಹರಿದುಬರುತ್ತವೆ: ಮೊದಲು ಒಣಹುಲ್ಲಿನ ತಿಳಿ ಹಳದಿ, ಆಮೇಲೆ ಕಂದು, ಆಮೇಲೆ ನೇರಿಳೆ, ಕೊನೆಗೆ ನೀಲಿ. ಹಳದಿ ಮೂಡುವುದು ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ನೀಲಿ 300ರ ಹತ್ತಿರ. ಕಮ್ಮಾರನಿಗೆ ಈ ಅಂಕಿಗಳು ಬೇಡ. ಉಳಿಗೆ ಹುಲ್ಲಿನ ಬಣ್ಣ ಬಂದ ಕ್ಷಣದಲ್ಲಿ ಅದನ್ನು ನೀರಿಗೆ ಕೊಡುತ್ತಾನೆ. ಒಂದು ಉಸಿರು ತಡವಾದರೆ ಉಳಿ ಮೆದುವಾಯಿತು. ಕನ್ನಡದಲ್ಲಿ ಮಣ್ಣಿಗೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಮಳೆಗೆ ಹದವುಂಟು, ಮಾತಿಗೂ ಹದವುಂಟು. ಕಾವ್ಯಮೀಮಾಂಸೆಯಲ್ಲಿ ನಾನು ಮೂವತ್ತು ವರ್ಷ ಪಾಠ ಹೇಳಿದ ಔಚಿತ್ಯವೆಂಬ ತತ್ತ್ವವನ್ನು ಆ ಕಮ್ಮಾರ ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತು ಒಂದು ಉಸಿರಿನಲ್ಲಿ ಮಾಡಿ ಮುಗಿಸುತ್ತಿದ್ದ.

ಉಪಕರಣಗಳು ಮನೆಯಿಂದ ಹೊರಟುಹೋದ ಮೇಲೂ ಅವುಗಳ ನೆರಳು ಮಾತಿನಲ್ಲಿ ಉಳಿದಿರುತ್ತದೆ. ಇಂದಿನ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬ ಸಚಿವರು ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದನ್ನು ಬರೆದ ಉಪಸಂಪಾದಕರು ಅಡಕತ್ತರಿಯಿಂದ ಒಂದು ಅಡಿಕೆಯನ್ನಾದರೂ ಕತ್ತರಿಸಿದ್ದಾರೆಯೇ ಎಂದು ನನಗೆ ಅನುಮಾನ. ಯಾರದೋ ಜಗಳಕ್ಕೆ ತಿದಿ ಒತ್ತುವವರಿದ್ದಾರೆ, ತಿದಿಯನ್ನು ನೋಡಿದವರಿಲ್ಲ. ಬುದ್ಧಿಯನ್ನು ಸಾಣೆ ಹಿಡಿಯುತ್ತೇವೆ, ಸಾಣೆಕಲ್ಲು ಮ್ಯೂಸಿಯಮ್ಮಿನಲ್ಲಿದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ವಿವರಿಸುವಾಗ, ಕಾವು ಎಂದರೆ ಬಿಸಿ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಬಿಸಿ ಎಂಬ ಅರ್ಥ ಆ ಶಬ್ದಕ್ಕೆ ಇಲ್ಲವೆಂದಲ್ಲ. ಆದರೆ ಕಾಡಿನ ಮರವೇ ಹಿಡಿಯಾಗಿ ಕಾಡನ್ನು ಕಡಿಯುವುದಕ್ಕೆ ನೆರವಾಯಿತು ಎಂಬ ಗಾದೆಯ ಕುಟುಕು ಹಿಡಿಯನ್ನು ಹಿಡಿದವನಿಗೆ ತಾನೆ ತಾಗಬೇಕು?

ಹೆಸರುಗಳ ವಿಷಯಕ್ಕೆ ಬಂದರೆ ಕನ್ನಡ ನಾಡು ಒಂದು ಗೋಜಲು, ಸೊಗಸಾದ ಗೋಜಲು. ಮರವನ್ನು ನುಣುಪು ಮಾಡುವ ಒಂದೇ ಉಪಕರಣ ಒಂದು ಕಡೆ ಉಜ್ಜುಗೊರಡು, ಇನ್ನೊಂದು ಕಡೆ ಹತ್ತರಿ, ಮತ್ತೊಂದು ಕಡೆ ಕೀಸುಳಿ, ಹಳೆಯ ಮೈಸೂರಿನ ಬಡಗಿಗಳ ಬಾಯಲ್ಲಿ ತೋಪಡ. ಉಳಿ ಎಂಬುದು ಮಾತ್ರ ತಮಿಳು, ಮಲಯಾಳ, ಕನ್ನಡಗಳಲ್ಲಿ ಹೆಚ್ಚು ಕಡಿಮೆ ಒಂದೇ. ಈ ಭಾಷೆಗಳು ಬೇರೆಯಾಗುವುದಕ್ಕೆ ಮೊದಲೇ ಆ ಉಪಕರಣ ಕೈಯಲ್ಲಿತ್ತೆಂದು ಊಹಿಸಬಹುದು. ಕಲ್ಲುಕುಟಿಗರು ತಮ್ಮದನ್ನು ಚಾಣವೆನ್ನುತ್ತಾರೆ. ಈ ಹೆಸರುಗಳನ್ನು ಬರೆದಿಟ್ಟುಕೊಳ್ಳದೆ ವಸ್ತುವನ್ನು ಮಾತ್ರ ಕೂಡಿಟ್ಟರೆ ಅರ್ಧ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಕ್ರಿಯಾಪದ. ಬಾಚಿಯಿಂದ ಕೆತ್ತುತ್ತಾರೆ, ಉಜ್ಜುಗೊರಡಿನಿಂದ ಕೀಸುತ್ತಾರೆ, ಬೈರಿಗೆಯಿಂದ ಕೊರೆಯುತ್ತಾರೆ, ಮಸೆಗಲ್ಲಿನ ಮೇಲೆ ಮಸೆಯುತ್ತಾರೆ. ಎಷ್ಟೋ ಪ್ರದರ್ಶನಗಳಲ್ಲಿ ಗಾಜಿನ ಹಿಂದೆ ಉಪಕರಣವಿರುತ್ತದೆ, ಕೆಳಗೆ ನಾಮಪದವಿರುತ್ತದೆ. ಕ್ರಿಯಾಪದವನ್ನು ಯಾರೂ ಬರೆದಿರುವುದಿಲ್ಲ.

ಆದರೆ ಈ ಕೆಲಸವನ್ನು ದೊಡ್ಡದಾಗಿ ಮಾಡಿದವರು ನಮ್ಮಲ್ಲಿ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಜಯಲಕ್ಷ್ಮೀ ವಿಲಾಸದ ಅರಮನೆಯಲ್ಲಿ ನೊಗ ನೇಗಿಲುಗಳು ನೆಲೆಸಿದ್ದು ನನಗೆ ಬಹಳ ಸಂತೋಷದ ಸಂಗತಿ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ಬೆಂಗಳೂರು ಮೈಸೂರು ದಾರಿಯಲ್ಲಿ ಓಡಾಡುವವರು ಇಳಿದು ನೋಡಲೇಬೇಕು. ಕನ್ನಡ ನಾಡಿನ ಹೊರಗಿನದಾದರೂ ಸಾಹಿತ್ಯಾಸಕ್ತರು ತಿಳಿಯಬೇಕಾದ ಇನ್ನೊಂದು ಹೆಸರು ಪುಣೆಯ ದಿನಕರ ಕೇಳ್ಕರರದು. 1896ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡ ಇವರು ಅಜ್ಞಾತವಾಸಿ ಎಂಬ ಹೆಸರಿನಲ್ಲಿ ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದವರು. ಎಳವೆಯಲ್ಲೇ ತೀರಿಕೊಂಡ ಮಗ ರಾಜನ ಹೆಸರಿನಲ್ಲಿ ದೀಪ, ಬೀಗ, ಮಸಿಕುಡಿಕೆ, ಅಡಕತ್ತರಿಗಳನ್ನು ಹಳ್ಳಿಹಳ್ಳಿಯಿಂದ ಕೂಡಿಸಿ, 1975ರಲ್ಲಿ ಅಷ್ಟನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಅಲ್ಲಿ ಗಿಳಿಯಾಕಾರದ, ಕುದುರೆಯಾಕಾರದ ಅಡಕತ್ತರಿಗಳನ್ನು ನೋಡುತ್ತ ನಿಂತಾಗ, ಒಂದು ಅಡಿಕೆಯನ್ನು ಎರಡು ಹೋಳು ಮಾಡುವುದಕ್ಕೆ ಮನುಷ್ಯ ಇಷ್ಟೆಲ್ಲ ಕಲ್ಪನೆಯನ್ನು ಖರ್ಚುಮಾಡಿದನಲ್ಲ ಎನಿಸಿತು. ಕವಿಯೊಬ್ಬ ಇವಕ್ಕೆ ಮನಸೋತದ್ದು ಸಹಜ.

ನನ್ನ ಬಳಿ ಇರುವುದರಲ್ಲಿ ಕನ್ನಡ ಮೇಷ್ಟರಿಗೆ ನಿಜವಾಗಿ ಸಲ್ಲುವ ಉಪಕರಣ ಒಂದೇ: ತಾಳೆಗರಿಯ ಮೇಲೆ ಬರೆಯುವ ಕಂಟ. ಗೇಣುದ್ದದ ಕಬ್ಬಿಣದ ಕಡ್ಡಿ, ಒಂದು ತುದಿ ಮುಳ್ಳಿನಂತೆ ಚೂಪು, ಇನ್ನೊಂದು ತುದಿಯಲ್ಲಿ ಗರಿ ಸವರುವ ಸಣ್ಣ ಅಲಗು. ಎಡಗೈಯಲ್ಲಿ ಗರಿ, ಎಡಗೈಯ ಹೆಬ್ಬೆರಳೇ ಕಂಟಕ್ಕೆ ಆಸರೆ. ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಮಸಿಯನ್ನು ಸವರಿ ಒರೆಸಿದಾಗ ಅದು ಗೀರಿನೊಳಗೆ ನಿಂತು ಅಕ್ಷರ ಎದ್ದು ಬರುತ್ತದೆ. ನಾನೂ ಒಂದು ಗರಿಯ ಮೇಲೆ ಪ್ರಯತ್ನಿಸಿದೆ. ಗರಿಯ ನಾರಿನ ನೇರಕ್ಕೆ ಗೆರೆ ಎಳೆದರೆ ಗರಿ ಸೀಳುತ್ತದೆ. ನಮ್ಮ ಲಿಪಿಯ ದುಂಡಗೆ ಇದೇ ಕಾರಣವೆಂಬ ವಾದವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಕೈಯಲ್ಲಿ ಮಾಡಿ ನೋಡಿದ ಮೇಲೆ, ಶಾಸನಗಳ ಕಲ್ಲಿನ ಮೇಲೂ ಅಕ್ಷರಗಳು ದುಂಡಗಾಗಿವೆಯಲ್ಲ ಎಂಬ ಆಕ್ಷೇಪ ಇದ್ದರೂ, ಆ ವಾದ ಪೂರ್ತಿ ಸುಳ್ಳಲ್ಲವೆಂದು ತೋರಿತು. ಹತ್ತು ಸಾಲು ಬರೆಯುವುದರೊಳಗೆ ಕತ್ತು ನೋಯತೊಡಗಿತು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು, ಸೊಂಟ, ಕತ್ತು ಮುರಿದುಹೋದುದನ್ನು ಹೇಳಿಕೊಂಡು, ಗ್ರಂಥವನ್ನು ಜೋಪಾನ ಮಾಡಿರೆಂದು ಬೇಡುವ ರೂಢಿಯೊಂದುಂಟು. ಗ್ರಂಥಸಂಪಾದನೆಯ ಪಾಠದಲ್ಲಿ ಅದನ್ನು ಒಂದು ಸಿದ್ಧ ಒಕ್ಕಣೆಯೆಂದು ಹೇಳಿ ಮುಂದೆ ಹೋಗುತ್ತಿದ್ದೆ.

ಇಂಥವನ್ನು ಇಟ್ಟುಕೊಳ್ಳುವವರಿಗೆ ಜೋಪಾನದ ಬಗ್ಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ಹುಣಸೆಹುಳಿ ಹಿತ್ತಾಳೆಗೆ ಸರಿ, ಕಬ್ಬಿಣಕ್ಕೆ ಬೇಡ. ಶುಚಿಯಾದ ಮೇಲೆ ಕಬ್ಬಿಣಕ್ಕೆ ಮಿಷನ್ ಎಣ್ಣೆ, ಕಾವಿಗೆ ಅಗಸೆ ಎಣ್ಣೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಮರಳು ಕಾಗದವನ್ನು ಮುಟ್ಟಕೂಡದು. ವಾರ್ನಿಷ್ ಎಂದೂ ಕೂಡದು. ಈ ಕೊನೆಯ ಎರಡು ಮಾತುಗಳನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಗುಜರಿಯಿಂದ ತಂದ ಆ ಬಾಚಿಯನ್ನು ನಾನು ಹೊಸಬನ ಹುರುಪಿನಲ್ಲಿ ಮೂರು ದಿನ ಉಜ್ಜಿದೆ. ಮರಳು ಕಾಗದದಿಂದ ಕಬ್ಬಿಣ ಫಳಫಳಿಸಿತು; ಕಾವಿನ ಕಪ್ಪು ಹೋಗಿ ಮರದ ಎಳೆ ಕಂಡಿತು. ಅದಕ್ಕೆ ಎರಡು ಸಲ ವಾರ್ನಿಷ್ ಹೊಡೆದು, ಮುಂಬಾಗಿಲ ಕೋಣೆಯ ಗೂಡಿನಲ್ಲಿಟ್ಟು, ಕೆಳಗೆ ಅಂದವಾಗಿ ಚೀಟಿ ಬರೆದು ಅಂಟಿಸಿದೆ. ಮಿಕ್ಕ ಉಪಕರಣಗಳಿಗೂ ಒಂದೊಂದು ಚೀಟಿ. ಬಂದವರೆಲ್ಲ ಹೊಗಳಿದರು.

ಆ ವರ್ಷ ನವರಾತ್ರಿಯ ಆರನೆಯದೋ ಏಳನೆಯದೋ ದಿನ, ಬೆಳಿಗ್ಗೆ, ಒಬ್ಬ ಮುದುಕರು ಗೇಟಿನ ಹತ್ತಿರ ನಿಂತಿದ್ದರು. ಎಂಬತ್ತು ದಾಟಿದ ವಯಸ್ಸು, ಒಗೆದ ಬಿಳಿ ಅಂಗಿ, ಹೆಗಲ ಮೇಲೆ ಟವಲು. ‘ಗುಜರಿ ಅಂಗಡಿಯೋರು ಹೇಳಿದ್ರು ಸ್ವಾಮಿ, ನನ್ನ ಸಾಮಾನು ತಮ್ಮ ಮನೇಲಿದೆಯಂತೆ’ ಎಂದರು. ಅವರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮಗಳ ಊರಿಗೆ ಹೋಗಿದ್ದಾಗ ಮನೆಯವರು ಅಟ್ಟವನ್ನು ಖಾಲಿ ಮಾಡಿದ್ದರು. ಅದನ್ನು ಅವರು ದೂರಾಗಿ ಹೇಳಲಿಲ್ಲ. ‘ಮಿಕ್ಕಿದ್ದೆಲ್ಲ ತಮ್ಮ ಹತ್ರಾನೇ ಇರಲಿ. ಬಾಚಿ ಒಂದು ಬೇಕಾಗಿತ್ತು. ಆಯುಧಪೂಜೆ ಬಂತು, ಪೂಜೆಗಿಡೋಕೆ ಏನೂ ಇಲ್ಲ.’

‘ಒಳಗೆ ಬನ್ನಿ ಆಚಾರ್ರೇ’ ಎಂದು ಕರೆದು, ಗೂಡಿನಿಂದ ಬಾಚಿಯನ್ನು ತೆಗೆದು, ಸ್ವಲ್ಪ ಹೆಮ್ಮೆಯಿಂದಲೇ ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ‘ಇದಲ್ಲ ಸ್ವಾಮಿ’ ಎಂದರು.

ನನ್ನಲ್ಲಿ ಇದ್ದದ್ದು ಅದೊಂದೇ ಬಾಚಿ. ಅವರು ಮತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು, ಕಾವು ತಲೆಯೊಳಗೆ ಹೋಗುವ ಕಡೆ ಉಗುರಿನಿಂದ ತಡವಿದರು. ಅಲ್ಲಿ ಒಂದು ಸಣ್ಣ ಬಿದಿರಿನ ಬೆಣೆಯಿತ್ತು. ನನ್ನ ವಾರ್ನಿಷ್ ಅದರ ಮೇಲೂ ಹರಿದಿತ್ತು. ‘ಬೆಣೆ ನಾನೇ ಹಾಕಿದ್ದು. ಇದೇ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನು ಬಳಿದಿದ್ದೀರಿ ಇದಕ್ಕೆ? ಜಾರುತ್ತಲ್ಲ. ಇದನ್ನ ಹಿಡಿದು ಬೀಸಿದ್ರೆ ಮರಕ್ಕೆ ಬೀಳಲ್ಲ ಸ್ವಾಮಿ, ಮೊಣಕಾಲಿಗೆ ಬೀಳುತ್ತೆ’ ಎಂದರು.

ಒಂದು ಗಾಜಿನ ಚೂರು ಕೇಳಿದರು. ನನ್ನ ಹೆಂಡತಿ ಹಿತ್ತಲಿನಿಂದ ಒಡೆದ ಸೀಸೆಯ ಒಂದು ಚೂರನ್ನು ತಂದುಕೊಟ್ಟಳು. ಆಚಾರ್ರು ನಮ್ಮ ಜಗಲಿಯ ಮೇಲೆ ಕುಳಿತು, ಬಾಚಿಯ ತಲೆಯನ್ನು ಕಾಲಿನಿಂದ ಅದುಮಿ ಹಿಡಿದು, ಗಾಜಿನ ಅಂಚಿನಿಂದ ಕಾವನ್ನು ಹೆರೆಯತೊಡಗಿದರು. ವಾರ್ನಿಷ್ ಸುರುಳಿ ಸುರುಳಿಯಾಗಿ ಎದ್ದು ನೆಲದ ಮೇಲೆ ಬಿತ್ತು. ಅಷ್ಟು ನಿಧಾನ, ಅಷ್ಟು ಸಮ. ಸುಮಾರು ಒಂದು ಗಂಟೆ ಹಿಡಿಯಿತು. ಆಮೇಲೆ ಅಂಗೈಗೆ ನಾಲ್ಕು ತೊಟ್ಟು ಹರಳೆಣ್ಣೆ ಹಾಕಿಸಿಕೊಂಡು ಕಾವಿಗೆ ಸವರಿ, ಎಂದಿನಂತೆ ಹಿಡಿದು ನೋಡಿದರು. ಹೆಬ್ಬೆರಳ ಗುಳಿಯಲ್ಲಿ ಅರ್ಧದಷ್ಟನ್ನು ನನ್ನ ಮರಳು ಕಾಗದ ತಿಂದುಹಾಕಿತ್ತು. ‘ತಪ್ಪಾಯಿತು ಆಚಾರ್ರೇ’ ಎಂದೆ. ಅವರು ಹೆಬ್ಬೆರಳನ್ನು ಅತ್ತಿತ್ತ ಸರಿಸಿ, ‘ಕೂರುತ್ತೆ ಬಿಡಿ. ಇನ್ನೊಂದಷ್ಟು ದಿವಸ ಹಿಡಿದ್ರೆ ಕೂರುತ್ತೆ’ ಎಂದರು.

ಹೊರಡುವಾಗ ಹಣ ತೆಗೆದರು. ನಾನು ಬೇಡವೆಂದೆ. ಗುಜರಿಗೆ ಕಿಲೋಗೆ ಎಷ್ಟು ಕೊಟ್ಟಿರಿ ಎಂದರು. ಇದ್ದುದಕ್ಕಿಂತ ಕಡಿಮೆ ಹೇಳಿದೆ. ಅವರು ಬಾಚಿಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, ನಾನು ನಿಜವಾಗಿ ಕೊಟ್ಟಿದ್ದ ಬೆಲೆಯನ್ನೇ ಜಗಲಿಯ ಮೇಲೆ ಇಟ್ಟರು. ಪೇಟೆಯ ದರ ಅವರಿಗೆ ಗೊತ್ತಿತ್ತು. ಬಾಚಿಯನ್ನು ಟವಲಿನಲ್ಲಿ ಸುತ್ತಿಕೊಂಡು ಎದ್ದವರು ಬಾಗಿಲ ಹತ್ತಿರ ನಿಂತು, ಗೂಡಿನಲ್ಲಿದ್ದ ಉಳಿಗಳನ್ನೂ ಅವುಗಳ ಕೆಳಗಿನ ಚೀಟಿಗಳನ್ನೂ ಒಂದೊಂದಾಗಿ ಓದಿದರು. ‘ಹಬ್ಬ ಕಳೆದ ಮೇಲೆ ಒಂದು ದಿವಸ ಬರ್ತೀನಿ ಸ್ವಾಮಿ. ಹೆಸರು ನಾಲ್ಕು ಕಡೆ ತಪ್ಪಿದೆ’ ಎಂದರು.

ವಿಜಯದಶಮಿ ಕಳೆದು ಮೂರನೆಯ ದಿನ ಬಂದರು. ನಾನು ಹೊಸ ಚೀಟಿಗಳನ್ನು ಕತ್ತರಿಸಿ, ಪೆನ್ನು ಹಿಡಿದು ಅವರ ಪಕ್ಕದಲ್ಲಿ ಕುಳಿತೆ. ತಪ್ಪಿದ್ದು ನಾಲ್ಕಲ್ಲ, ಆರು.